ಯಾವ ಟಿಕ್ ಮೊದಲು? ಔಷಧಿಯಿಲ್ಲದೆ ನಡೆದ ಒಂದು ಚಿಕಿತ್ಸೆಯ ಪ್ರಕರಣ ಅಧ್ಯಯನ

ಈ ಹುಡುಗನನ್ನು ನಿಖಿಲ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಗುರುತು ಹತ್ತಬಾರದೆಂದು ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಚಿಕಿತ್ಸೆ ನಡೆದ ಕ್ರಮವನ್ನೂ ನಾನು ಎಡವಿದ ಜಾಗವನ್ನೂ ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ. ಅಪ್ಪ ಅಮ್ಮನ ಒಪ್ಪಿಗೆಯಿದೆ, ಅವನ ಒಪ್ಪಿಗೆಯೂ ಇದೆ. ನಾನು ಮಕ್ಕಳ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಟಿಕ್ (ಬೇಡವೆಂದರೂ ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು) ಇರುವ ಮಕ್ಕಳ ಹೆತ್ತವರಿಗೂ ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ನನ್ನ ಬಳಿ ಬಂದಾಗ ನಿಖಿಲ್‌ಗೆ 11 ವರ್ಷ. ಆರನೇ ವಯಸ್ಸಿನಲ್ಲಿ ಕಣ್ಣು ಪಿಳಿಪಿಳಿ ಮಿಟುಕಿಸಲು ಶುರು ಮಾಡಿದ್ದ. ಟಿವಿ ನೋಡಿದ್ದು ಹೆಚ್ಚಾಯಿತು ಅಂದುಕೊಂಡರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ ಎಂದರು. ಎರಡು ತಿಂಗಳಲ್ಲಿ ಅದು ತಾನಾಗಿಯೇ ನಿಂತಿತು. ಮುಂದಿನ ವರ್ಷ ಮೂಗು ಸುರ್ ಸುರ್ ಎಂದು ಎಳೆಯುವುದು ಶುರುವಾಯಿತು. ಅಲರ್ಜಿ ಎಂದು ತಿಂಗಳುಗಟ್ಟಲೆ ಔಷಧಿ ನಡೆಯಿತು. ಆಮೇಲೆ ಬಂದದ್ದು ಗಂಟಲು ಸರಿಮಾಡಿಕೊಳ್ಳುವಂಥ 'ಹ್ಮ್' ಎಂಬ ಸದ್ದು. ಹತ್ತನೇ ವಯಸ್ಸಿಗೆ ಕತ್ತನ್ನು ಬಲಕ್ಕೆ ಝಾಡಿಸುವುದು ಸೇರಿಕೊಂಡಿತು. ಒಂದು ಹೋಗಿ ಒಂದು ಬರುತ್ತಿದ್ದ ಇವೆಲ್ಲ ಒಂದೇ ಕಥೆಯ ಭಾಗ ಎಂದು ಮೊದಲು ಹೇಳಿದವರು ಮಕ್ಕಳ ನರರೋಗ ತಜ್ಞರು. ಅವರು ಬರೆದುಕೊಟ್ಟ ಹೆಸರು ಟುರೆಟ್ ಸಿಂಡ್ರೋಮ್.

ಆ ಹೆಸರು ಕೇಳಿ ಅಮ್ಮ ಒಂದು ವಾರ ನಿದ್ದೆ ಮಾಡಿರಲಿಲ್ಲ. ಟುರೆಟ್ ಎಂದರೆ ಬಾಯಿಗೆ ಬಂದಂತೆ ಕೆಟ್ಟ ಮಾತು ಬರುವ ಕಾಯಿಲೆ ಎಂದು ಎಲ್ಲೋ ನೋಡಿದ್ದರಂತೆ. ಹಾಗಾಗುವುದು ಟುರೆಟ್ ಇರುವವರಲ್ಲಿ ಶೇಕಡ 10ರಿಂದ 15 ಮಂದಿಗೆ ಮಾತ್ರ. ದೇಹದ ಚಲನೆಯ ಟಿಕ್‌ಗಳು ಒಂದಕ್ಕಿಂತ ಹೆಚ್ಚಿದ್ದು, ಸದ್ದಿನ ಟಿಕ್ ಕನಿಷ್ಠ ಒಂದಿದ್ದು, 18 ವರ್ಷದೊಳಗೆ ಶುರುವಾಗಿ, ಒಂದು ವರ್ಷ ದಾಟಿದ್ದರೆ ಈ ಹೆಸರು ಕೊಡುತ್ತಾರೆ. ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ಒಂಬತ್ತು ರೋಗಿಗಳ ವಿವರ ಬರೆದರು. ಹೆಸರು ಬಂದದ್ದು ಅಲ್ಲಿಂದ. ಟಿಕ್‌ಗಳು ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ ತೀರಾ ಜೋರಾಗಿರುತ್ತವೆ, ಆಮೇಲೆ ಬಹಳ ಮಕ್ಕಳಲ್ಲಿ ಇಳಿಯುತ್ತವೆ. ಇದನ್ನು ಹೇಳಿದಾಗ ಅಮ್ಮ ಕಾಗದ ತೆಗೆದುಕೊಂಡು '12' ಎಂದು ಬರೆದು ಸುತ್ತ ಗೆರೆ ಎಳೆದರು.

ಔಷಧಿ ಬೇಡ ಎಂಬ ತೀರ್ಮಾನ ಹೇಗಾಯಿತು ಎಂದು ಹೇಳಲೇಬೇಕು. ಯಾರೂ ಔಷಧಿಯನ್ನು ಕೆಟ್ಟದ್ದು ಎಂದಿರಲಿಲ್ಲ. ನರರೋಗ ತಜ್ಞರು ಎಲ್ಲ ದಾರಿಗಳನ್ನೂ ಮುಂದಿಟ್ಟರು: ಕ್ಲೊನಿಡಿನ್‌ನಂಥ ಔಷಧಿಗಳಿಂದ ಮಂಪರು ಬರಬಹುದು, ರಿಸ್ಪೆರಿಡೋನ್‌ನಂಥವುಗಳಿಂದ ತೂಕ ಏರಬಹುದು, ಅಭ್ಯಾಸದ ಮೂಲಕ ಟಿಕ್ ಇಳಿಸುವ ವರ್ತನಾ ಚಿಕಿತ್ಸೆಗೆ ಸಮಯವೂ ಶ್ರಮವೂ ಬೇಕು. ಅಮೆರಿಕದ ನರವಿಜ್ಞಾನ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ವರ್ತನಾ ಚಿಕಿತ್ಸೆ ಸಿಗುವ ಕಡೆ ಮೊದಲು ಅದನ್ನೇ ನೋಡಿ ಎನ್ನುತ್ತದೆ. ನಿಖಿಲ್‌ಗೆ ಗೀಳಿನ ತೊಂದರೆ ಇರಲಿಲ್ಲ, ಗಮನದ ತೊಂದರೆ ಅಲ್ಪಸ್ವಲ್ಪ ಮಾತ್ರ. ಹೀಗಾಗಿ ಮೂರು ತಿಂಗಳು ವರ್ತನಾ ಚಿಕಿತ್ಸೆ ಎಂದು ಗೊತ್ತುಮಾಡಿದರು. ಜೊತೆಗೊಂದು ಎಚ್ಚರಿಕೆಯನ್ನೂ ಕೊಟ್ಟರು. ಕತ್ತಿನ ಟಿಕ್ ಬಹಳ ರಭಸದ್ದಾದರೆ ಅಪರೂಪಕ್ಕೆ ಬೆನ್ನುಹುರಿಗೆ ಪೆಟ್ಟಾಗುವುದುಂಟು. ಕೈಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು ಕಂಡರೆ ಆ ದಿನವೇ ಬನ್ನಿ, ಆಗ ಔಷಧಿಯನ್ನು ಮುಂದೂಡುವ ಮಾತಿಲ್ಲ ಎಂದರು. ಆ ಮಾತನ್ನು ನಾನು ನನ್ನ ಫೈಲಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡೆ.

ನಾನು ಮಾಡಿದ ತಪ್ಪು

ನಾವು ಬಳಸಿದ್ದು ಸಿಬಿಐಟಿ, ಎಂದರೆ ಟಿಕ್‌ಗಳಿಗಾಗಿಯೇ ರೂಪಿಸಿದ ಸಮಗ್ರ ವರ್ತನಾ ಚಿಕಿತ್ಸೆಯ ಕ್ರಮ. ಇದರ ಬೇರು ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ವಿವರಿಸಿದ ಹ್ಯಾಬಿಟ್ ರಿವರ್ಸಲ್ (ಅಭ್ಯಾಸ ಬದಲಿಸುವ) ವಿಧಾನದಲ್ಲಿದೆ. ಟಿಕ್ ಬರುವ ಮುಂಚೆ ದೇಹದಲ್ಲಿ ಏಳುವ ತುಡಿತವನ್ನು ಮಗು ಗುರುತಿಸಲು ಕಲಿಯುತ್ತದೆ. ತುಡಿತ ಎದ್ದ ಕೂಡಲೇ, ಆ ಟಿಕ್ ಮಾಡಲು ಅಡ್ಡ ಬರುವಂಥ ಬೇರೊಂದು ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ನಾನು ಮಕ್ಕಳಿಗೆ 'ಎದುರು ಕ್ರಿಯೆ' ಎಂದು ಹೇಳಿಕೊಡುತ್ತೇನೆ. ಒಂದು ನಿಮಿಷ, ಅಥವಾ ತುಡಿತ ಇಳಿಯುವವರೆಗೆ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಹೊತ್ತು ಹಿಡಿಯಬೇಕು. ಇದರ ಜೊತೆಗೆ, ಟಿಕ್ ಯಾವಾಗ ಹೆಚ್ಚುತ್ತದೆ, ಬಂದಾಗ ಸುತ್ತಲಿನವರು ಏನು ಮಾಡುತ್ತಾರೆ ಎಂದು ನೋಡಿ ಅದನ್ನು ಬದಲಿಸುವ ಭಾಗವೂ ಇದೆ.

ಮೊದಲ ದಿನವೇ ಹೆತ್ತವರಿಗೆ ಒಂದು ಅಂಕಿ ಹೇಳಿದೆ. 2010ರಲ್ಲಿ ಪ್ರಕಟವಾದ, 126 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಹತ್ತು ವಾರದ ಈ ಚಿಕಿತ್ಸೆಯಿಂದ ಶೇ. 52.5 ಮಕ್ಕಳಲ್ಲಿ ಒಳ್ಳೆಯ ಸುಧಾರಣೆ ಕಂಡಿತು; ಬರೀ ತಿಳಿವಳಿಕೆ ಮತ್ತು ಬೆಂಬಲ ಪಡೆದ ಮಕ್ಕಳಲ್ಲಿ ಅದು ಶೇ. 18.5. ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಅಂಥ ಲಾಭ ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಈ ಚಿಕಿತ್ಸೆಯಲ್ಲಿ ಮೊದಲು ಟಿಕ್‌ಗಳ ಪಟ್ಟಿ ಮಾಡಿ, ಒಂದೊಂದೂ ಎಷ್ಟು ಕಾಡುತ್ತದೆ ಎಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿಸುತ್ತೇವೆ. ಹೆಚ್ಚು ಕಾಡುವುದು ಮೊದಲು. ನಾನು ನಿಖಿಲ್ ಕಡೆ ನೋಡಿ "ಗಂಟಲ ಸದ್ದಿಗೆ ಎಷ್ಟು?" ಎಂದೆ. "ಒಂಬತ್ತು ಮೇಡಂ, ದಿನಾ ಶಾಲೆಯಿಂದ ಕಂಪ್ಲೇಂಟ್ ಬರುತ್ತೆ" ಎಂದು ಅಮ್ಮ ಹೇಳಿದರು. ನಿಖಿಲ್ "ಹೂಂ" ಎಂದ. ನಾನು ಒಂಬತ್ತು ಎಂದು ಬರೆದುಕೊಂಡೆ. ಆ 'ಹೂಂ' ಅವನ ಉತ್ತರವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮೂರು ವಾರ ಗಂಟಲ ಸದ್ದಿನ ಹಿಂದೆ ಬಿದ್ದೆವು. ಎದುರು ಕ್ರಿಯೆಯಾಗಿ ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಯಿಂದ ನಿಧಾನವಾಗಿ ಬಿಡುವುದನ್ನು ಹೇಳಿಕೊಟ್ಟೆ. ತುಡಿತ ಹೇಗಿರುತ್ತದೆ ಎಂದು ಕೇಳಿದರೆ "ಗೊತ್ತಾಗಲ್ಲ" ಎನ್ನುತ್ತಿದ್ದ. ಮನೆಯಲ್ಲಿ ಸದ್ದು ಬಂದ ತಕ್ಷಣ ಅಮ್ಮ "ಉಸಿರು! ಉಸಿರು ತಗೋ!" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಅವರಿಗೆ ನೆನಪು ಮಾಡಿ ಎಂದು ಹೇಳಿದ್ದೇ ನಾನು. ನೆನಪು ಮಾಡುವುದು ಗದರುವುದಾಗಿ ಮಾರ್ಪಡಲು ಎರಡು ದಿನವೂ ಬೇಕಾಗಲಿಲ್ಲ. ಪ್ರತಿ ಸಂಜೆ ಒಂದೇ ಹೊತ್ತಿನಲ್ಲಿ ಹದಿನೈದು ನಿಮಿಷ ಅಪ್ಪ ಟಿಕ್ ಎಣಿಸಿ ಬರೆಯುತ್ತಿದ್ದರು. ಗಂಟಲ ಸದ್ದು ಮೊದಲ ವಾರ ಸರಾಸರಿ 22, ಮೂರನೇ ವಾರ 25. ಕತ್ತಿನ ಟಿಕ್ 38ರ ಆಸುಪಾಸಿನಲ್ಲೇ ಇತ್ತು.

ಅಂಗಿಯ ಲೇಬಲ್

ನಾಲ್ಕನೇ ಭೇಟಿಯಲ್ಲಿ ಅಮ್ಮನಿಗೆ ಫೋನ್ ಬಂದು ಹೊರಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ನಿಖಿಲ್ ಕೇಳಿದ: "ಮೇಡಂ, ಕತ್ತಿಂದು ಯಾವಾಗ ಮಾಡೋಣ?"

ಯಾಕೆ ಎಂದು ಕೇಳಿದೆ. ಸಾಲು ತಪ್ಪುತ್ತದೆ ಎಂದ. ಓದುತ್ತಿರುವಾಗ ಕತ್ತು ಝಾಡಿಸಿದರೆ ಕಣ್ಣು ಪುಟದಿಂದ ಎದ್ದುಹೋಗುತ್ತದೆ, ವಾಪಸು ಬಂದಾಗ ಎಲ್ಲಿದ್ದೆ ಎಂದು ಗೊತ್ತಾಗುವುದಿಲ್ಲ, ಅದೇ ಸಾಲನ್ನು ಮೂರು ಮೂರು ಸಲ ಓದಬೇಕು. ರಾತ್ರಿ ನೋವು. ಗಂಟಲ ಸದ್ದು? "ಅದು ಬೇರೆಯವರಿಗೆ ಕೇಳುತ್ತೆ. ನಂಗೆ ಏನೂ ಆಗಲ್ಲ."

ಕತ್ತಿನ ಟಿಕ್ ಬರುವ ಮುಂಚೆ ಏನಾದರೂ ಅನಿಸುತ್ತದೆಯೇ ಎಂದು ಕೇಳಿದೆ. ಮೂರು ವಾರ 'ಗೊತ್ತಾಗಲ್ಲ' ಎಂದಿದ್ದ ಹುಡುಗ ಕಾಲರ್ ಒಳಗೆ ಬೆರಳು ತೂರಿಸಿ, ಕತ್ತಿನ ಹಿಂದೆ ಬಲಗಡೆ ಒಂದು ಚೂರು ಜಾಗ ಮುಟ್ಟಿ ತೋರಿಸಿದ. "ಇಲ್ಲಿ ಅಂಗಿ ಲೇಬಲ್ ಚುಚ್ಚಿದ ಹಾಗಾಗುತ್ತೆ. ಅಮ್ಮಂಗೆ ಹೇಳಿದ್ದೆ, ಎಲ್ಲಾ ಅಂಗಿ ಲೇಬಲ್ ಕತ್ತರಿಸಿ ಹಾಕಿದ್ರು. ಆದ್ರೂ ಚುಚ್ಚುತ್ತೆ." ಕಾಲರ್ ಮಡಚಿ ತೋರಿಸಿದ. ಲೇಬಲ್ ಇದ್ದ ಕಡೆ ಹೊಲಿಗೆಯ ದಾರದ ತುದಿಗಳು ಮಾತ್ರ ಉಳಿದಿದ್ದವು.

ಇಡೀ ಪ್ರಕರಣದ ದಾರಿ ತಿರುಗಿದ್ದು ಇಲ್ಲಿ. ತುಡಿತವನ್ನು ಗುರುತಿಸುವ ಶಕ್ತಿ ಅವನಿಗೆ ಮೊದಲಿನಿಂದಲೂ ಇತ್ತು. ನಾನು ಅವನಿಗೆ ಬೇಡವಾದ ಟಿಕ್‌ನಲ್ಲಿ ಅದನ್ನು ಹುಡುಕುತ್ತಿದ್ದೆ. ಅಮ್ಮ ಒಳಗೆ ಬಂದ ಮೇಲೆ, ಅವನ ಎದುರಿಗೇ, ಪಟ್ಟಿ ತಪ್ಪಾಗಿದೆ, ತಪ್ಪು ನನ್ನದು, ಕತ್ತಿನಿಂದ ಮತ್ತೆ ಶುರು ಮಾಡೋಣ ಎಂದೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಶಾಲೆಗೆ ಏನು ಹೇಳಲಿ ಎಂದು ಕೇಳಿದರು. ಶಾಲೆಯೊಂದಿಗೆ ನಾನೇ ಮಾತಾಡುತ್ತೇನೆ ಎಂದು ಒಪ್ಪಿಕೊಂಡೆ.

ಕತ್ತಿಗೆ ಎದುರು ಕ್ರಿಯೆ ಕಂಡುಕೊಳ್ಳಲು ಒಂದು ಪೂರ್ತಿ ಭೇಟಿ ಹಿಡಿಯಿತು. ಗದ್ದವನ್ನು ಕತ್ತಿನ ಕಡೆಗೆ ಸ್ವಲ್ಪ ಒಳಕ್ಕೆ ಎಳೆದುಕೊಂಡು, ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿ ಹಿಡಿದು, ಭುಜ ಸಡಿಲ ಬಿಟ್ಟು, ನೇರ ಮುಂದೆ ನೋಡುವುದು. ಮೊದಲ ಸಲ ಅವನು ಮುಖ ಕೆಂಪಾಗುವಷ್ಟು ಬಿಗಿದ. ಅಷ್ಟು ಬಿಗಿದರೆ ನೋವು ಹೆಚ್ಚುತ್ತದೆ, ನೋಡಿದವರಿಗೂ ಗೊತ್ತಾಗುತ್ತದೆ. ಹತ್ತರಲ್ಲಿ ಮೂರರಷ್ಟು ಬಲ ಸಾಕು ಎಂದು ಅಳೆದು ಅಳೆದು ಹದಕ್ಕೆ ತಂದೆವು. ಗದ್ದ ಒಳಗೆಳೆದರೆ ಮೇಜಿನ ಮೇಲಿನ ಪುಸ್ತಕ ಓದಲಾಗುವುದಿಲ್ಲ ಎಂದ. ಪುಸ್ತಕವನ್ನು ಓರೆಯಾಗಿ ಎತ್ತರಿಸಿ ಇಟ್ಟೆವು. ಓದು ನಿಲ್ಲಿಸದೆ ಮಾಡಲು ಬರಬೇಕು. ಬಾರದಿದ್ದರೆ ಯಾವ ಮಗುವೂ ಅದನ್ನು ಮನೆಯಲ್ಲಿ ಮಾಡುವುದಿಲ್ಲ.

ಆಮೇಲೆ ತುಡಿತವನ್ನು ಅಳೆದೆವು. ಎದುರು ಕ್ರಿಯೆ ಹಿಡಿದಿರುವಾಗ ಹತ್ತು ಸೆಕೆಂಡಿಗೊಮ್ಮೆ ನಾನು ಪೆನ್ನು ಮೇಜಿಗೆ ಬಡಿಯುವುದು, ಅವನು ಬೆರಳಲ್ಲಿ ಅಂಕ ತೋರಿಸುವುದು. ಏಳು, ಎಂಟು, ಎಂಟು, ಆರು, ನಾಲ್ಕು, ಮೂರು. ಬರೆದದ್ದನ್ನು ಅವನ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತು ನೋಡಿ "ನಾನು ಝಾಡಿಸಲೇ ಇಲ್ಲ, ಅದೇ ಹೋಯ್ತು!" ಎಂದ. ಝಾಡಿಸಿದರೆ ಮಾತ್ರ ಚುಚ್ಚುವುದು ನಿಲ್ಲುತ್ತದೆ ಎಂದು ಅವನ ದೇಹ ವರ್ಷವಿಡೀ ಕಲಿತಿತ್ತು. ಝಾಡಿಸದೆಯೂ ಅದು ಏರಿ ಇಳಿಯುತ್ತದೆ ಎಂಬುದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಆಗದು. ಅವನ ಬೆರಳುಗಳೇ ಅವನಿಗೆ ಹೇಳಿದವು.

ಅಪ್ಪ ಒಂದು ಪ್ರಶ್ನೆ ಕೇಳಿದರು. ಬಹುತೇಕ ಎಲ್ಲ ಹೆತ್ತವರೂ ಕೇಳುವ ಪ್ರಶ್ನೆ. ತಡೆದಿಟ್ಟರೆ ಒಳಗೇ ಕೂಡಿಕೊಂಡು ಆಮೇಲೆ ಒಟ್ಟಿಗೆ ಹೊರಬರುವುದಿಲ್ಲವೇ? ಮಕ್ಕಳಿಗೆ ಸ್ವಲ್ಪ ಹೊತ್ತು ಟಿಕ್ ತಡೆಯಲು ಹೇಳಿ, ಆಮೇಲಿನ ಹೊತ್ತಿನ ಟಿಕ್‌ಗಳನ್ನೂ ಎಣಿಸಿ ನೋಡಿದ ಅಧ್ಯಯನಗಳಲ್ಲಿ ಹಾಗೆ ಉಕ್ಕಿ ಬಂದದ್ದು ಕಂಡಿಲ್ಲ. ಹಾಗೆಂದು ಅಪ್ಪ ನೋಡಿದ್ದು ಸುಳ್ಳಲ್ಲ. ಶಾಲೆಯಲ್ಲಿ ದಿನವಿಡೀ ಹಲ್ಲು ಕಚ್ಚಿ ಕೂತ ಮಗು ದಣಿದು ಮನೆಗೆ ಬರುತ್ತದೆ. ದಣಿವಿನಲ್ಲಿ ಟಿಕ್ ಹೆಚ್ಚುತ್ತದೆ, ಮನೆಯಲ್ಲಿ ತಡೆಯಬೇಕೆಂಬ ಹಂಗೂ ಇಲ್ಲ. ಹಲ್ಲು ಕಚ್ಚಿ ಎಲ್ಲವನ್ನೂ ಅದುಮುವುದು ಬೇರೆ, ಒಂದು ಟಿಕ್‌ಗೆ ಒಂದು ಎದುರು ಕ್ರಿಯೆ ಹಿಡಿಯುವುದು ಬೇರೆ ಎಂದು ವಿವರಿಸಿದೆ.

ಮನೆಯವರ ಪಾಲು

ಮನೆಯವರನ್ನು ವಿಚಾರಿಸಿದಾಗ ಕತ್ತಿನ ಟಿಕ್ ತೀರಾ ಹೆಚ್ಚುವುದು ಹೋಮ್‌ವರ್ಕ್ ಹೊತ್ತಿನಲ್ಲಿ ಎಂದು ಕಂಡಿತು. ಆಗ ಏನಾಗುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಅಪ್ಪ "ನಿಲ್ಸೋ ಅದನ್ನ" ಎನ್ನುತ್ತಿದ್ದರು. ಅಮ್ಮ "ಸಾಕು, ಇವತ್ತಿಗೆ ಪುಸ್ತಕ ಮುಚ್ಚು" ಎನ್ನುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಕತ್ತು ನೀವುತ್ತಿದ್ದರು. ಮೂವರೂ ಪ್ರೀತಿಯಿಂದಲೋ ಆತಂಕದಿಂದಲೋ ಮಾಡುತ್ತಿದ್ದದ್ದೇ. ಆದರೆ ಗದರಿಕೆ ಒತ್ತಡ ಏರಿಸುತ್ತಿತ್ತು. ಪುಸ್ತಕ ಮುಚ್ಚುವುದೂ ಕತ್ತು ನೀವುವುದೂ ಟಿಕ್ ಬಂದಾಗಲೇ ಸಿಗುತ್ತಿದ್ದವು. ಇದರರ್ಥ ಹುಡುಗ ನಾಟಕ ಮಾಡುತ್ತಿದ್ದ ಎಂದಲ್ಲ. ಇದನ್ನು ನಾನು ಮೂರು ಸಲ ಹೇಳಿದೆ, ಮೂರೂ ಸಲ ನಿಖಿಲ್ ಅಲ್ಲೇ ಇದ್ದ. ಟಿಕ್ ಹುಟ್ಟುವುದು ಚಲನೆಯನ್ನು ನಿಯಂತ್ರಿಸುವ ಮೆದುಳಿನ ಜಾಲದಲ್ಲಿ. ಅದು ಎಷ್ಟು ಸಲ, ಎಲ್ಲಿ, ಯಾವ ಹೊತ್ತಿನಲ್ಲಿ ಎದ್ದು ಕೂರುತ್ತದೆ ಎಂಬುದಕ್ಕೆ ಸುತ್ತಲಿನ ಜಗತ್ತು ಬಣ್ಣ ಕೊಡುತ್ತದೆ.

ಬದಲಿಸಿದ್ದು ಹೀಗೆ. ಟಿಕ್ ಬರಲಿ ಬಿಡಲಿ, ಇಪ್ಪತ್ತು ನಿಮಿಷ ಓದಿದ ಮೇಲೆ ಐದು ನಿಮಿಷ ಬಿಡುವು. ಗಡಿಯಾರ ಹೇಳಿದಾಗ ಮಾತ್ರ. ಟಿಕ್ ಬಗ್ಗೆ ಯಾರೂ ಒಂದು ಮಾತೂ ಆಡುವಂತಿಲ್ಲ. ಎದುರು ಕ್ರಿಯೆ ಮಾಡಿದ್ದು ಕಂಡರೆ "ಒಳ್ಳೇದು" ಎನ್ನಬಹುದು. ನೆನಪಿಸುವ ಕೆಲಸ ಒಬ್ಬರಿಗೆ ಮಾತ್ರ, ಸಂಜೆ ಅರ್ಧ ಗಂಟೆ ಮಾತ್ರ; ಯಾರು ಎಂದು ಅವನೇ ಆರಿಸಲಿ ಎಂದೆ. ಅವನು ಅಪ್ಪನನ್ನು ಆರಿಸಿದ. ಅಪ್ಪ ಮಾತಾಡುವುದಿಲ್ಲ, ಮೇಜಿನ ಮೇಲೆ ಎರಡು ಬೆರಳು ಇಡುತ್ತಾರೆ, ಅಷ್ಟೇ ಸಂಕೇತ.

ಕಷ್ಟವಾದದ್ದು ಅಜ್ಜಿಯ ವಿಷಯ. "ನಾನು ಮುಟ್ಟಿದ್ದಕ್ಕೇ ಜಾಸ್ತಿ ಆಯ್ತಾ?" ಎಂದು ಕೇಳಿದಾಗ ಅವರ ಕೈ ನಡುಗುತ್ತಿತ್ತು. ಇಲ್ಲ, ನೀವುವುದು ನಿಲ್ಲಿಸಬೇಡಿ, ಹೊತ್ತು ಬದಲಿಸಿ ಎಂದೆ. ದಿನಾ ರಾತ್ರಿ ಮಲಗುವ ಮುಂಚೆ, ಆ ದಿನ ಟಿಕ್ ಹತ್ತು ಬಂದಿರಲಿ ನೂರು ಬಂದಿರಲಿ, ಹತ್ತು ನಿಮಿಷ ಅಜ್ಜಿ ಕತ್ತು ನೀವಬೇಕು. ಈ ಮನೆಯಲ್ಲಿ ಒಂದು ದಿನವೂ ತಪ್ಪದೆ ನಡೆದದ್ದು ಇದೊಂದೇ.

ಶಾಲೆಯಲ್ಲಿ ತರಗತಿ ಶಿಕ್ಷಕಿಯನ್ನು ಭೇಟಿಯಾದೆ. ಸದ್ದು ಹೆಚ್ಚಾದಾಗ ಅವನನ್ನು ಹೊರಗೆ ನಿಲ್ಲಿಸುತ್ತಿದ್ದರು. ಅದು ಹೆಚ್ಚಾಗುತ್ತಿದ್ದದ್ದು ಗಟ್ಟಿಯಾಗಿ ಓದಿಸುವ ಪೀರಿಯಡ್‌ನಲ್ಲಿ. ಹೊರಗೆ ನಿಲ್ಲಿಸುವುದು ಬೇಡ, ಸದ್ದನ್ನು ಗಮನಿಸದಂತೆ ಪಾಠ ಮುಂದುವರಿಸಿ, ಅವನಿಗೆ ಬೇಕೆನಿಸಿದರೆ ಕೇಳಿಕೊಂಡು ಎರಡು ನಿಮಿಷ ಹೋಗಿ ಬರಲಿ ಎಂದು ಮಾತಾಯಿತು. ಅವರು ಒಪ್ಪಿದರು, ಮಾತಿನಂತೆ ನಡೆದುಕೊಂಡರು.

ಏನಾಯಿತು

ಕತ್ತಿನ ಟಿಕ್ ಹದಿನೈದು ನಿಮಿಷಕ್ಕೆ 38 ಇದ್ದದ್ದು ಕತ್ತಿನಿಂದ ಮತ್ತೆ ಶುರು ಮಾಡಿದ ಮೊದಲ ವಾರ 30, ಮೂರನೇ ವಾರ 17, ಆರನೇ ವಾರ 8. ಇಷ್ಟೇ ಹೇಳಿದರೆ ಅರ್ಧ ಸತ್ಯ. ಟಿಕ್ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ತೀರಾ ಜೋರಾದಾಗಲೇ ಎಲ್ಲರೂ ಚಿಕಿತ್ಸೆಗೆ ಬರುವುದರಿಂದ, ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತಿತ್ತೇನೋ. ಇಲ್ಲಿ ನನಗೆ ಸ್ವಲ್ಪ ಧೈರ್ಯ ಕೊಡುವುದು ಗಂಟಲ ಸದ್ದಿನ ಲೆಕ್ಕ. ಆ ಆರು ವಾರ ಅದನ್ನು ನಾವು ಮುಟ್ಟಲಿಲ್ಲ. ಕತ್ತಿನದು 38ರಿಂದ 8ಕ್ಕೆ ಇಳಿಯುವಾಗ ಗಂಟಲಿನದು 23, 25, 24 ಎಂದು ಇದ್ದಲ್ಲೇ ಇತ್ತು. ಎಲ್ಲವೂ ತಾನಾಗಿ ಇಳಿಯುವ ಕಾಲವಾಗಿದ್ದರೆ ಅದೂ ಇಳಿಯಬೇಕಿತ್ತು. ಒಂದು ಮಗುವಿನ ಲೆಕ್ಕದಿಂದ ಯಾವುದನ್ನೂ ಸಾಧಿಸಿ ತೋರಿಸಲಾಗದು, ಆದರೂ ಒಂದು ಟಿಕ್ ಹಿಡಿದಾಗ ಉಳಿದವನ್ನು ಬಿಡದೆ ಎಣಿಸುವುದರ ಬೆಲೆ ನನಗೆ ಗೊತ್ತಾಯಿತು.

ಆಮೇಲೆ ಗಂಟಲಿಗೆ ಬಂದೆವು. ಈ ಸಲ ಕೇಳಿದ್ದು ಅವನೇ. ತರಗತಿಯಲ್ಲಿ ಗಟ್ಟಿಯಾಗಿ ಓದಬೇಕೆಂದು ಆಸೆ ಹುಟ್ಟಿತ್ತು. ತುಡಿತ ಗಂಟಲಿನಲ್ಲಿಲ್ಲ, ಎದೆಯ ಮೂಳೆಯ ಮೇಲ್ತುದಿಯಲ್ಲಿದೆ ಎಂದು ಈಗ ತಾನೇ ಹುಡುಕಿಕೊಂಡ. ಅದೇ ಉಸಿರಿನ ಅಭ್ಯಾಸ, ನಾಲ್ಕು ವಾರ. 24 ಇದ್ದದ್ದು 13ಕ್ಕೆ ಬಂತು, ಅಲ್ಲೇ ನಿಂತಿತು. ಸದ್ದಿನ ಗಟ್ಟಿತನ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಟಿಕ್‌ನ ತೀವ್ರತೆ ಅಳೆಯಲು ಬಳಸುವ ಯೇಲ್ ಮಾಪನದಲ್ಲಿ ಒಟ್ಟು 50ಕ್ಕೆ 28 ಇದ್ದದ್ದು ಚಿಕಿತ್ಸೆ ಮುಗಿದಾಗ 17. ಎಂಟು ಭೇಟಿ ಎಂದುಕೊಂಡಿದ್ದದ್ದು ಹನ್ನೊಂದಾಯಿತು. ಹೆಚ್ಚಿನ ಮೂರು ನನ್ನ ತಪ್ಪಿನ ಲೆಕ್ಕ. ನರರೋಗ ತಜ್ಞರು ಮತ್ತೆ ನೋಡಿ ಸದ್ಯಕ್ಕೆ ಔಷಧಿ ಬೇಡ, ಮುಂದೆ ಬೇಕಾದರೆ ನೋಡೋಣ ಎಂದರು.

ಈ ಪ್ರಕರಣದ ನಂತರ ನಾನು ಪಟ್ಟಿ ಮಾಡುವ ರೀತಿ ಬದಲಿಸಿದೆ. ಮೊದಲು ಮಗುವಿನ ಜೊತೆ ಒಬ್ಬಳೇ ಕೂತು ಪಟ್ಟಿ ಮಾಡುತ್ತೇನೆ, ಹೆತ್ತವರ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆಸುತ್ತೇನೆ, ಎರಡನ್ನೂ ಎಲ್ಲರೆದುರು ಪಕ್ಕಪಕ್ಕ ಇಡುತ್ತೇನೆ. ಎರಡೂ ಹೊಂದದಿದ್ದರೆ ಮಗುವಿನದರಿಂದ ಶುರು. ನೋಡುವವರನ್ನು ಕಾಡುವ ಟಿಕ್ ಮತ್ತು ಮಗುವನ್ನು ಕಾಡುವ ಟಿಕ್ ಬೇರೆಯಾಗಿರುವುದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ದಿನಕ್ಕೆ ನೂರಾರು ಸಲ ಎದುರು ಕ್ರಿಯೆ ಹಿಡಿಯುವ ಶ್ರಮ ಮಗುವಿನದು. ಬೇರೆಯವರ ಕಿವಿಗಾಗಿ ಅಷ್ಟು ಶ್ರಮ ಪಡು ಎಂದರೆ ಹನ್ನೊಂದು ವರ್ಷದ ಹುಡುಗ ಎಷ್ಟು ದಿನ ಪಟ್ಟಾನು? ಮನೆಯವರಿಗೆ 'ನೆನಪಿಸಿ' ಎಂದು ಬರೀ ಹೇಳಿ ಕಳಿಸುವುದನ್ನೂ ಬಿಟ್ಟಿದ್ದೇನೆ. ಯಾರು, ಯಾವಾಗ, ಯಾವ ಸಂಕೇತದಿಂದ ಎಂಬುದನ್ನು ಭೇಟಿಯಲ್ಲೇ ಮಾಡಿಸಿ ನೋಡುತ್ತೇನೆ.

ನಾಲ್ಕು ತಿಂಗಳ ನಂತರ ಅಮ್ಮ ಗಾಬರಿಯಿಂದ ಫೋನ್ ಮಾಡಿದರು. ಜ್ವರ ಬಂದು ಹೋದ ಮೇಲೆ ಎಡ ಭುಜ ಮೇಲಕ್ಕೆತ್ತುವ ಹೊಸ ಟಿಕ್ ಬಂದಿದೆ, ಕಣ್ಣು ಮಿಟುಕಿಸುವುದೂ ವಾಪಸು ಬಂದಿದೆ, ಕತ್ತಿನದನ್ನು ತಡೆದದ್ದಕ್ಕೇ ಭುಜಕ್ಕೆ ಹೋಯಿತೇ? ಅಲ್ಲ, ಒಂದನ್ನು ಚಿಕಿತ್ಸೆ ಮಾಡಿದರೆ ಅದರ ಬದಲಿಗೆ ಇನ್ನೊಂದು ಹುಟ್ಟುತ್ತದೆ ಎಂಬುದನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ, ಹೊಸ ಟಿಕ್ ಬರುವುದು ಈ ತೊಂದರೆಯ ಸ್ವಭಾವ, ಐದು ವರ್ಷದಿಂದ ನೀವೇ ನೋಡಿದ್ದೀರಿ ಎಂದೆ. ಮರುವಾರ ಕರೆದುಕೊಂಡು ಬಂದರು.

ನಿಖಿಲ್ ಕೂತವನೇ ಮೊಣಕೈಯನ್ನು ಸೊಂಟಕ್ಕೆ ಒತ್ತಿ ತೋರಿಸಿದ. "ಹೀಗೆ ಒತ್ಕೊಂಡ್ರೆ ಭುಜ ಏಳಲ್ಲ. ಹತ್ತಕ್ಕೆ ಮೂರು ಬಲ." ಯಾರೂ ಹೇಳಿಕೊಟ್ಟಿರಲಿಲ್ಲ. ತುಡಿತ ಎಲ್ಲಿ ಎಂದರೆ ಭುಜದ ತುದಿಯನ್ನು ಮುಟ್ಟಿದ. ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದರೆ, ಮನೆಯಲ್ಲಿ ಬರೆದುಕೊಂಡಿದ್ದ ಚೀಟಿ ತೆಗೆದ. ನಾನು ಮಾಡಿದ್ದು ಒತ್ತುವ ಜಾಗವನ್ನು ಒಂದಿಷ್ಟು ಮೇಲಕ್ಕೆ ಸರಿಸಿದ್ದು ಮಾತ್ರ.

"ಕಣ್ಣಿಂದು?" ಎಂದು ಕೇಳಿದೆ. ಅಮ್ಮ ಏನೋ ಹೇಳಲು ಹೊರಟು ಸುಮ್ಮನಾದರು, ಅವನ ಮುಖ ನೋಡಿದರು.

"ಅದು ಇರ್ಲಿ ಮೇಡಂ" ಎಂದ. "ಅದಕ್ಕೆ ಎರಡು ಅಂಕ ಅಷ್ಟೇ."

ಎರಡು ಎಂದು ಬರೆದುಕೊಂಡು, ಮುಂದಿನ ಭೇಟಿಗೆ ಮೂರು ತಿಂಗಳ ನಂತರದ ದಿನ ಗೊತ್ತುಮಾಡಿದೆ.